ನಾಲ್ಕನೆಯ ಗುಂಡಿನ ಮೋಹ

ಡಲ್ಲಾಸ್ ನಗರದ ಎಲ್ಮ್ ಬೀದಿಯಲ್ಲಿ, ವಾಹನಗಳು ಓಡಾಡುವ ಡಾಂಬರಿನ ಮೇಲೆಯೇ, ಬಿಳಿಯ ಬಣ್ಣದಲ್ಲಿ ಗುಣಾಕಾರ ಚಿಹ್ನೆಗಳನ್ನು ಬರೆಯುತ್ತ ಬಂದಿದ್ದಾರೆ. 1963ರ ನವೆಂಬರ್ 22ರಂದು ಮಧ್ಯಾಹ್ನ ಹನ್ನೆರಡೂವರೆಗೆ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನೆಡಿಯವರಿಗೆ ಗುಂಡು ತಗುಲಿದ ಜಾಗದ ಗುರುತುಗಳು ಅವು. ಅಲ್ಲಿಗೆ ಬರುವ ಪ್ರವಾಸಿಗರು ವಾಹನಗಳ ನಡುವೆ ತೆರಪು ಸಿಕ್ಕಾಗ ಬೀದಿಗಿಳಿದು ಆ ಗುರುತಿನ ಮೇಲೆ ನಿಲ್ಲುತ್ತಾರೆ. ನಿಂತು, ಹಿಂದಕ್ಕೆ ತಿರುಗಿ, ಮೂಲೆಯಲ್ಲಿರುವ ಏಳು ಅಂತಸ್ತಿನ ಇಟ್ಟಿಗೆಯ ಕಟ್ಟಡದತ್ತ ಕತ್ತೆತ್ತಿ ನೋಡುತ್ತಾರೆ. ಅವರ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ಆ ಕಿಟಕಿಯಿಂದ ಇಲ್ಲಿಗೆ ಗುರಿಯಿಟ್ಟು ಹೊಡೆಯಲು ನಿಜವಾಗಿಯೂ ಸಾಧ್ಯವಿತ್ತೇ?

ಅರುವತ್ತು ವರ್ಷಗಳಿಗೂ ಮೀರಿದ ಈ ಪ್ರಶ್ನೆ ನಮ್ಮ ಮಾತುಕತೆಗಳಲ್ಲಿಯೂ ಆಗಾಗ ತಲೆಯೆತ್ತುತ್ತದೆ. ನಮ್ಮಲ್ಲಿ ಅನೇಕರು ಈ ಹತ್ಯೆಯನ್ನು ಮೊದಲು ವಿವರವಾಗಿ ಕಂಡದ್ದು 1991ರಲ್ಲಿ ತೆರೆಗೆ ಬಂದ ಆಲಿವರ್ ಸ್ಟೋನ್ ಅವರ ‘ಜೆಎಫ್‌ಕೆ’ ಚಿತ್ರದಲ್ಲಿ. ಅದನ್ನು ನೋಡಿ ಎದ್ದವರೆಲ್ಲ, “ಒಬ್ಬನೇ ಮನುಷ್ಯ, ಅಂಥ ಹಳೆಯ ಬಂದೂಕಿನಿಂದ, ಅಷ್ಟು ಕಡಿಮೆ ಹೊತ್ತಿನಲ್ಲಿ ಹೊಡೆಯುವುದು ಅಸಾಧ್ಯ” ಎಂಬ ತೀರ್ಮಾನವನ್ನು ಜೊತೆಗೆ ಕೊಂಡೊಯ್ದರು. ನಾವೂ ಹಾಗೆ ಕೊಂಡೊಯ್ದವರೇ. ಆದರೆ ಲಭ್ಯವಿರುವ ಅಳತೆಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ಕುಳಿತಾಗ ಆ ತೀರ್ಮಾನ ನಿಲ್ಲುವುದಿಲ್ಲ. ಆ ಕಿಟಕಿಯಿಂದ ಹೊಡೆಯಲು ಸಾಧ್ಯವಿತ್ತು. ಈ ಪ್ರಶ್ನೆಯನ್ನು ಮುಗಿಯಿತೆಂದು ಕಟ್ಟಿಡುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಅದು ತೆರೆದೇ ಇದ್ದಷ್ಟು ಕಾಲ, ಅದಕ್ಕಿಂತ ತೂಕದ ಇನ್ನೊಂದು ಪ್ರಶ್ನೆ ಅದರ ನೆರಳಿನಲ್ಲಿ ಉಳಿದುಬಿಡುತ್ತದೆ.

ಮೊದಲು ಮೂರು ಮಾತುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು: ಸಾಧ್ಯ, ಸಂಭವ, ಸಿದ್ಧ. ಒಂದು ಕೃತ್ಯವನ್ನು ಒಂದು ಜಾಗದಿಂದ ಮಾಡಲು ಬರುತ್ತದೆಯೇ ಎಂಬುದು ಸಾಧ್ಯತೆಯ ಮಾತು. ಅದಕ್ಕೆ ಅಡಿಕೋಲು, ಗಡಿಯಾರ ಸಾಕು. ಅಲ್ಲಿಂದಲೇ ನಡೆದಿರಬಹುದೇ ಎಂಬುದು ಸಂಭವದ ಮಾತು. ಅದಕ್ಕೆ ಅಲ್ಲಿ ಸಿಕ್ಕ ಕುರುಹುಗಳು ಬೇಕು. ಯಾರು, ಯಾರ ಜೊತೆಗೂಡಿ, ಏಕೆ ಮಾಡಿದರು ಎಂಬುದು ಸಿದ್ಧಪಡಿಸಬೇಕಾದ ಸಂಗತಿ. ಅದಕ್ಕೆ ಕಾಗದಪತ್ರ, ಸಾಕ್ಷಿ, ವಿಚಾರಣೆ ಎಲ್ಲವೂ ಬೇಕು. ಕೆನೆಡಿ ಹತ್ಯೆಯ ಚರ್ಚೆಯಲ್ಲಿ ಈ ಮೂರೂ ಕಲಸಿಹೋಗಿವೆ. ಮೂರನೆಯದರ ಬಗೆಗಿನ ಅನುಮಾನವನ್ನು ಮೊದಲನೆಯದರ ಮೇಲೆ ಹೊರಿಸಿ, “ಆದ್ದರಿಂದ ಆ ಕಿಟಕಿಯಿಂದ ಸಾಧ್ಯವೇ ಇರಲಿಲ್ಲ” ಎನ್ನುವವರೇ ಹೆಚ್ಚು.

ಜಾಗದ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಅಧ್ಯಕ್ಷರ ಮೆರವಣಿಗೆ ಮೇನ್ ಬೀದಿಯಿಂದ ಬಂದು ಬಲಕ್ಕೆ ಹ್ಯೂಸ್ಟನ್ ಬೀದಿಗೆ ಹೊರಳಿತು. ಆ ಬೀದಿಯ ಕೊನೆಯಲ್ಲಿ ಎದುರಿಗೇ ನಿಂತಿದ್ದುದು ಶಾಲಾ ಪಠ್ಯಪುಸ್ತಕಗಳ ದಾಸ್ತಾನು ಕಟ್ಟಡ. ಅದರ ಬುಡದಲ್ಲಿ ಎಡಕ್ಕೆ, ಬಹಳ ಕಡಿದಾದ ತಿರುವಿನಲ್ಲಿ, ಕಾರು ನಿಧಾನಿಸಿ ಎಲ್ಮ್ ಬೀದಿಗೆ ಇಳಿಯಿತು. ಅಲ್ಲಿಂದ ಬೀದಿ ಇಳಿಜಾರಾಗಿ ರೈಲುಸೇತುವೆಯ ಕೆಳಗೆ ಸಾಗುತ್ತದೆ. ವಾರನ್ ಆಯೋಗದ ಲೆಕ್ಕದ ಪ್ರಕಾರ ಗುಂಡು ಹಾರಿದ ಹೊತ್ತಿನಲ್ಲಿ ಕಾರಿನ ಸರಾಸರಿ ವೇಗ ಗಂಟೆಗೆ 11.2 ಮೈಲಿ, ಅಂದರೆ ಸುಮಾರು 18 ಕಿಲೋಮೀಟರ್. ಸೈಕಲ್ ತುಳಿಯುವವನೂ ಸರಿಸಾಟಿಯಾಗಿ ಬರಬಹುದಾದ ವೇಗ ಅದು.

ಕಿಟಕಿ ಇದ್ದುದು ಆ ಕಟ್ಟಡದ ಆರನೆಯ ಅಂತಸ್ತಿನ ಆಗ್ನೇಯ ಮೂಲೆಯಲ್ಲಿ. ಅಮೆರಿಕದವರು ನೆಲ ಅಂತಸ್ತನ್ನೇ ಒಂದು ಎಂದು ಎಣಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಐದನೆಯ ಮಹಡಿ. ನೆಲದಿಂದ ಸುಮಾರು 60 ಅಡಿ. ಮುಂಬಯಿಯಲ್ಲೋ ಪುಣೆಯಲ್ಲೋ ಐದನೆಯ ಮಹಡಿಯಲ್ಲಿ ವಾಸವಿರುವ ನಮ್ಮ ಓದುಗರು ತಮ್ಮ ಬಾಲ್ಕನಿಯಿಂದ ಒಮ್ಮೆ ಬೀದಿಯತ್ತ ನೋಡಿದರೆ ಆ ಎತ್ತರದ ಅಂದಾಜು ಸಿಗುತ್ತದೆ. ಅಲ್ಲಿಂದ ತರಕಾರಿ ಗಾಡಿಯವನ ಮುಖ ಗುರುತು ಹಿಡಿಯಲು ದೂರದರ್ಶಕವೇನೂ ಬೇಕಾಗುವುದಿಲ್ಲ.

ಇನ್ನು ದೂರ. ಕೆನೆಡಿಯವರಿಗೆ ಮೊದಲ ಬಾರಿ ಗುಂಡು ತಗುಲಿದಾಗ ಕಿಟಕಿಗೂ ಅವರಿಗೂ ನಡುವೆ 177ರಿಂದ 191 ಅಡಿ ಅಂತರವಿತ್ತು ಎಂದು ಆಯೋಗ ಅಳೆಯಿತು. ತಲೆಗೆ ಗುಂಡು ಬಿದ್ದಾಗ 265 ಅಡಿ, ಅಂದರೆ ಸುಮಾರು 81 ಮೀಟರ್. ಕ್ರಿಕೆಟ್ ಪಿಚ್ಚುಗಳನ್ನು ಒಂದರ ತುದಿಗೆ ಒಂದರಂತೆ ಜೋಡಿಸಿದರೆ ಮೊದಲನೆಯದು ಮೂರು ಪಿಚ್ಚಿಗಿಂತ ಕಡಿಮೆ, ಎರಡನೆಯದು ನಾಲ್ಕು ಪಿಚ್ಚು. ರೈಫಲ್ ಹಿಡಿದು ತರಬೇತಾದವರಿಗೆ ಇದು ಹತ್ತಿರದ ದೂರ. ಬಂದೂಕಿಗೆ ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವ ದೂರದರ್ಶಕವೂ ಇತ್ತು.

ದೂರಕ್ಕಿಂತ ಮುಖ್ಯವಾದುದು ದಿಕ್ಕು. ಎಲ್ಮ್ ಬೀದಿಯಲ್ಲಿ ಕಾರು ಆ ಕಿಟಕಿಯಿಂದ ಹೆಚ್ಚುಕಡಿಮೆ ನೇರವಾಗಿ ದೂರ ಸರಿಯುತ್ತಿತ್ತು. ಬೀದಿಯೂ ಸುಮಾರು ಮೂರು ಡಿಗ್ರಿ ಇಳಿಜಾರು. ಹೀಗಾಗಿ ಗುರಿ ಎಡಬಲಕ್ಕೆ ಓಡದೆ, ನೋಡುವವನ ಕಣ್ಣಿಗೆ ಬಹುತೇಕ ಒಂದೇ ಗೆರೆಯಲ್ಲಿ ಉಳಿಯಿತು. “ಹ್ಯೂಸ್ಟನ್ ಬೀದಿಯಲ್ಲಿ ಕಾರು ಎದುರಿಗೇ ಬರುತ್ತಿತ್ತಲ್ಲ, ಆಗಲೇ ಏಕೆ ಹೊಡೆಯಲಿಲ್ಲ?” ಎಂದು ಕೇಳುವುದುಂಟು. ಎದುರಿಗೆ ಬರುವ ಕಾರು ಹತ್ತಿರವಾದಷ್ಟೂ ಬಂದೂಕನ್ನು ಕೆಳಕ್ಕೆ ಬಾಗಿಸುತ್ತ ಹೋಗಬೇಕು, ಜೊತೆಗೆ ಅಂಗರಕ್ಷಕರ ಮುಖಗಳೆಲ್ಲ ಆ ಕಟ್ಟಡದತ್ತಲೇ ಇದ್ದವು. ಆದರೆ ಅದು ಹಂತಕನ ಆಯ್ಕೆಯ ಪ್ರಶ್ನೆ, ಸಾಧ್ಯತೆಯ ಪ್ರಶ್ನೆಯಲ್ಲ.

ಕಿಟಕಿಯ ಬಗೆಗೂ ಒಂದು ಆಕ್ಷೇಪವಿದೆ. ಕೆಳಗಿನಿಂದ ಕಂಡ ಸಾಕ್ಷಿಯೊಬ್ಬರು, ಹೊಡೆದವನು ನಿಂತಿದ್ದ ಎಂದರು. ಕಿಟಕಿ ಅರ್ಧ ಮಾತ್ರ ತೆರೆದಿತ್ತು. ನಿಂತಿದ್ದರೆ ಗಾಜಿನ ಮೂಲಕವೇ ಹೊಡೆಯಬೇಕಾಗುತ್ತಿತ್ತು. ಹಾಗಾದರೆ ಸಾಕ್ಷಿ ಸುಳ್ಳೇ? ಆ ಕಟ್ಟಡದ ಕಿಟಕಿಗಳ ಹೊಸ್ತಿಲು ಒಳನೆಲದಿಂದ ಒಂದಡಿಯಷ್ಟೇ ಎತ್ತರದಲ್ಲಿದೆ. ಮಂಡಿಯೂರಿ ಕುಳಿತವನ ದೇಹದ ಬಹುಭಾಗ ಹೊರಗಿನಿಂದ ಕಾಣುತ್ತದೆ, ಕೆಳಗಿನವರಿಗೆ ಆತ ನಿಂತಂತೆಯೇ ತೋರುತ್ತದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕಂಡವರು ಸುಳ್ಳು ಹೇಳಲಿಲ್ಲ. ಕಂಡದ್ದನ್ನು ಅಳತೆಗೆ ಹಚ್ಚುವ ಕೆಲಸ ಮಾತ್ರ ಬಾಕಿಯಿತ್ತು.

ಎರಡನೆಯ ಆಕ್ಷೇಪ ಮರದ್ದು. ಕಿಟಕಿಗೂ ಬೀದಿಗೂ ನಡುವೆ ಓಕ್ ಮರವೊಂದಿತ್ತು, ಅದು ನಿಜ. ಅಬ್ರಹಾಂ ಝಪ್ರುಡರ್ ಎಂಬ ಬಟ್ಟೆ ಉದ್ಯಮಿ ತನ್ನ ಪುಟ್ಟ ಕ್ಯಾಮೆರಾದಲ್ಲಿ ಸೆರೆಹಿಡಿದ 26 ಸೆಕೆಂಡುಗಳ ಚಿತ್ರಸುರುಳಿ ಈ ಹತ್ಯೆಯ ಗಡಿಯಾರ. ಸೆಕೆಂಡಿಗೆ 18.3 ಫ್ರೇಮ್‌ಗಳಂತೆ ಅದು ಓಡಿತು. 1964ರ ಮೇ 24ರಂದು ಅದೇ ಬೀದಿಯಲ್ಲಿ, ಅದೇ ಕಿಟಕಿಯಲ್ಲಿ ಬಂದೂಕಿಗೆ ಕ್ಯಾಮೆರಾ ಕಟ್ಟಿ, ಫ್ರೇಮಿನಿಂದ ಫ್ರೇಮಿಗೆ ಕಾರನ್ನು ನಿಲ್ಲಿಸುತ್ತ ಮರುಪರೀಕ್ಷೆ ನಡೆಯಿತು. ಅಧ್ಯಕ್ಷರ ಕಾರು ದುರಸ್ತಿಯಲ್ಲಿದ್ದುದರಿಂದ ಬೇರೊಂದು ಕಾರನ್ನು ಬಳಸಿ, ಎತ್ತರದ ವ್ಯತ್ಯಾಸವಾದ ಹತ್ತು ಅಂಗುಲವನ್ನು ಲೆಕ್ಕದಲ್ಲಿ ಸರಿದೂಗಿಸಿದರು. 166ನೆಯ ಫ್ರೇಮಿನಿಂದ 210ನೆಯ ಫ್ರೇಮಿನವರೆಗೆ, ನಡುವೆ ಒಂದು ಕ್ಷಣದ ಕಿಂಡಿಯನ್ನು ಬಿಟ್ಟರೆ, ಮರ ಅಡ್ಡವಿತ್ತು ಎಂದು ತಿಳಿಯಿತು. ಎರಡೂವರೆ ಸೆಕೆಂಡಿಗೂ ಕಡಿಮೆ. ಆಮೇಲೆ ರೈಲುಸೇತುವೆಯವರೆಗೆ ನೋಟಕ್ಕೆ ಅಡ್ಡಿಯಿರಲಿಲ್ಲ.

ಎಲ್ಲಕ್ಕಿಂತ ಜನಪ್ರಿಯವಾದ ಆಕ್ಷೇಪ ಸಮಯದ್ದು. ಹಂತಕನ ಕೈಯಲ್ಲಿದ್ದುದು 6.5 ಮಿಲಿಮೀಟರಿನ ಇಟಲಿಯ ಮಾನ್‌ಲಿಕರ್-ಕಾರ್ಕಾನೊ ರೈಫಲ್. ಪ್ರತಿ ಸಲ ಹೊಡೆದ ಮೇಲೂ ಅದರ ಬೋಲ್ಟನ್ನು ಕೈಯಿಂದ ಎತ್ತಿ, ಹಿಂದಕ್ಕೆಳೆದು, ಖಾಲಿ ತೋಟೆಯನ್ನು ಹೊರಹಾಕಿ, ಮುಂದಕ್ಕೆ ತಳ್ಳಬೇಕು. ಇದಕ್ಕೆ ಕನಿಷ್ಠ 2.3 ಸೆಕೆಂಡು ಬೇಕು ಎಂದು ಪರೀಕ್ಷಿಸಿದವರು ಹೇಳಿದರು. ಕೆನೆಡಿಯವರಿಗೆ ತಗುಲಿದ ಮೊದಲ ಗುಂಡಿಗೂ ತಲೆಗೆ ತಗುಲಿದ ಗುಂಡಿಗೂ ನಡುವಿನ ಅವಧಿ 4.8ರಿಂದ 5.6 ಸೆಕೆಂಡು ಎಂದು ಆಯೋಗ ಹೇಳಿತು. ಮೂರು ಗುಂಡು, ಒಂದೊಂದಕ್ಕೆ 2.3ರಂತೆ ಸುಮಾರು ಏಳು ಸೆಕೆಂಡು, ಸಿಕ್ಕಿದ್ದು ಐದೂವರೆ, ಆದ್ದರಿಂದ ಅಸಾಧ್ಯ ಎಂಬ ಲೆಕ್ಕ ಹುಟ್ಟಿದ್ದು ಹೀಗೆ.

ಈ ಲೆಕ್ಕದಲ್ಲಿ ಎರಡು ತಪ್ಪುಗಳಿವೆ. ಐದು ಬೆರಳುಗಳ ನಡುವೆ ಇರುವುದು ನಾಲ್ಕೇ ಸಂದು. ಮೂರು ಗುಂಡುಗಳ ನಡುವೆ ಎರಡೇ ಅಂತರ. ಮೊದಲ ಗುಂಡು ಬಂದೂಕಿನಲ್ಲಿ ಸಿದ್ಧವಾಗಿಯೇ ಇರುತ್ತದೆ; ಗಡಿಯಾರ ಓಡತೊಡಗುವುದು ಅದು ಹಾರಿದ ಮೇಲೆ. ಎರಡು ಸಲ 2.3 ಎಂದರೆ 4.6 ಸೆಕೆಂಡು. ಎರಡನೆಯ ತಪ್ಪು ಇನ್ನೂ ದೊಡ್ಡದು. 4.8ರಿಂದ 5.6 ಸೆಕೆಂಡು ಎಂಬುದು ತಗುಲಿದ ಎರಡು ಗುಂಡುಗಳ ನಡುವಿನ ಅವಧಿ. ಗುರಿ ತಪ್ಪಿದ ಗುಂಡು ಇವೆರಡರ ನಡುವಿನದು ಎಂದಾದರೆ ಮಾತ್ರ ಮೂರೂ ಆ ಅವಧಿಯೊಳಗೆ ಬರಬೇಕು. ತಪ್ಪಿದ್ದು ಮೊದಲನೆಯದು ಎಂದಾದರೆ ಒಟ್ಟು ಕಾಲ ಏಳು ಸೆಕೆಂಡಿಗಿಂತ ಹೆಚ್ಚು ಎಂದು ಆಯೋಗದ ವರದಿಯೇ ಹೇಳಿದೆ. 1979ರಲ್ಲಿ ಅಮೆರಿಕದ ಕೆಳಸದನದ ಸಮಿತಿ ಮೊದಲ ಗುಂಡನ್ನು 160ನೆಯ ಫ್ರೇಮಿನ ಸುಮಾರಿಗೆ ಇರಿಸಿತು. ಅಲ್ಲಿಂದ ತಲೆಗೆ ಪೆಟ್ಟು ಬಿದ್ದ 313ನೆಯ ಫ್ರೇಮಿನವರೆಗೆ ಎಂಟು ಸೆಕೆಂಡಿಗೂ ಹೆಚ್ಚು ಸಿಗುತ್ತದೆ.

ಬಂದೂಕು ಕಳಪೆಯದು, ಹೊಡೆದವನು ನುರಿತವನಲ್ಲ ಎಂಬ ಮಾತೂ ಇದೆ. ಬಂದೂಕು ಅಗ್ಗದ್ದು ಹೌದು: 1963ರ ಮಾರ್ಚಿನಲ್ಲಿ ಅಂಚೆಯ ಮೂಲಕ ತರಿಸಿದ್ದು, ಸಾಗಣೆಯ ವೆಚ್ಚವೂ ಸೇರಿ 21 ಡಾಲರ್ 45 ಸೆಂಟ್. ಅದರ ದೂರದರ್ಶಕ ಸರಿಯಾಗಿ ಕೂತಿರಲಿಲ್ಲ; ಗುಂಡು ತುಸು ಮೇಲಕ್ಕೂ ಬಲಕ್ಕೂ ಬೀಳುತ್ತಿತ್ತು. ಲೀ ಹಾರ್ವೆ ಆಸ್ವಾಲ್ಡ್ ಅಮೆರಿಕದ ಮರೀನ್ ಪಡೆಯಲ್ಲಿದ್ದಾಗ 1956ರಲ್ಲಿ 212 ಅಂಕ ಗಳಿಸಿ ಮಧ್ಯಮ ದರ್ಜೆಯ ಗುರಿಕಾರನಾದ. 1959ರಲ್ಲಿ 191 ಅಂಕಕ್ಕಿಳಿದು, ಕೆಳದರ್ಜೆಗೆ ಬೇಕಾದ 190ನ್ನು ಒಂದಂಕದಿಂದ ದಾಟಿದ. ಮಹಾ ಧನುರ್ಧರನಲ್ಲ, ಬರಿಗೈಯ ಕಾರಕೂನನೂ ಅಲ್ಲ. ಆಯೋಗಕ್ಕಾಗಿ ಅದೇ ಬಂದೂಕನ್ನು ಹಿಡಿದ ಮೂವರು ಪರಿಣತರಲ್ಲಿ ಒಬ್ಬರು ಮಾತ್ರ 4.6 ಸೆಕೆಂಡಿನಲ್ಲಿ ಮೂರು ಗುಂಡು ಹಾರಿಸಿದರು. ಉಳಿದಿಬ್ಬರಿಗೆ ಆರು ಸೆಕೆಂಡಿಗಿಂತ ಹೆಚ್ಚು ಬೇಕಾಯಿತು. ಅವರ ಗುರಿಫಲಕಗಳು ಚಲಿಸದೆ ನಿಂತಿದ್ದವು ಎಂದು ವಿಮರ್ಶಕರು ತೆಗೆದ ತಕರಾರು ನ್ಯಾಯವಾದದ್ದು. ಆ ತಕರಾರಿನಿಂದಲೇ 1967ರಲ್ಲಿ ಸಿಬಿಎಸ್ ದೂರದರ್ಶನ ಸಂಸ್ಥೆ ಗೋಪುರ ಕಟ್ಟಿಸಿ, ಹಳಿಯ ಮೇಲೆ ಚಲಿಸುವ ಗುರಿಯನ್ನಿಟ್ಟು, 11 ಮಂದಿಯಿಂದ ಹೊಡೆಸಿತು. ಅದೇ ಮಾದರಿಯ ಬಂದೂಕು ಹಲವು ಸಲ ಸಿಕ್ಕಿಹಾಕಿಕೊಂಡಿತು, ಹಲವರು ಗುರಿ ತಪ್ಪಿದರು. ಆದರೆ ಐದು ಸೆಕೆಂಡಿನ ಆಸುಪಾಸಿನಲ್ಲಿ ಮೂರು ಸಲ ಹೊಡೆದವರೂ, ಮೂರನ್ನೂ ಗುರಿಗೆ ಮುಟ್ಟಿಸಿದವರೂ ಅವರಲ್ಲಿದ್ದರು. ಈ ಪರೀಕ್ಷೆಗಳಿಂದ ಆಸ್ವಾಲ್ಡನೇ ಹೊಡೆದ ಎಂದು ಸಿದ್ಧವಾಗುವುದಿಲ್ಲ. ಹೊಡೆಯುವುದು ಅಸಾಧ್ಯವಾಗಿತ್ತು ಎಂಬ ವಾದ ಮಾತ್ರ ಬಿದ್ದುಹೋಗುತ್ತದೆ.

ಉಳಿದದ್ದು ‘ಮಾಯಾ ಗುಂಡು’. ಒಂದೇ ಗುಂಡು ಕೆನೆಡಿಯವರ ಬೆನ್ನಿನ ಮೇಲ್ಭಾಗದಲ್ಲಿ ಹೊಕ್ಕು, ಗಂಟಲಿನಿಂದ ಹೊರಬಿದ್ದು, ಮುಂದೆ ಕುಳಿತಿದ್ದ ಟೆಕ್ಸಾಸ್ ರಾಜ್ಯಪಾಲ ಜಾನ್ ಕೊನಾಲಿಯವರ ಬೆನ್ನು, ಎದೆ, ಮಣಿಕಟ್ಟು, ತೊಡೆಗಳನ್ನು ಗಾಯಗೊಳಿಸಿತು ಎಂಬುದು ಆಯೋಗದ ವಾದ. ಸ್ಟೋನ್ ಅವರ ಚಿತ್ರದಲ್ಲಿ ನ್ಯಾಯಾಲಯದ ದೃಶ್ಯವೊಂದಿದೆ. ಅಲ್ಲಿ ಈ ಗುಂಡು ಗಾಳಿಯಲ್ಲಿ ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿ ಹಾವಿನಂತೆ ಹೊರಳಬೇಕಾಗಿತ್ತು ಎಂದು ತೋರಿಸುತ್ತಾರೆ, ಪ್ರೇಕ್ಷಕರು ನಗುತ್ತಾರೆ. ಆ ನಗು ನಿಂತಿರುವುದು ಒಂದು ಊಹೆಯ ಮೇಲೆ: ಕೊನಾಲಿಯವರು ಕೆನೆಡಿಯವರ ನೇರ ಮುಂದೆ, ಅದೇ ಎತ್ತರದಲ್ಲಿ, ನೆಟ್ಟಗೆ ಕುಳಿತಿದ್ದರು ಎಂಬ ಊಹೆ. ಆ ಕಾರಿನ ನಡುವಿನ ಮಡಚು ಆಸನ ಹಿಂದಿನ ಆಸನಕ್ಕಿಂತ ಮೂರು ಅಂಗುಲ ತಗ್ಗಿನಲ್ಲಿತ್ತು, ಬಲಬಾಗಿಲಿನಿಂದ ಸುಮಾರು ಆರು ಅಂಗುಲ ಒಳಕ್ಕಿತ್ತು. ಕೊನಾಲಿಯವರು ಬಲಕ್ಕೆ ಹೊರಳಿ ಕುಳಿತಿದ್ದರು. ಆಸನಗಳನ್ನು ಇದ್ದಲ್ಲಿ ಇಟ್ಟು ಗೆರೆ ಎಳೆದರೆ ಅದು ನೇರವಾಗಿಯೇ ಸಾಗುತ್ತದೆ, ಹಿಂದಕ್ಕೆ ಎಳೆದರೆ ಆ ಕಿಟಕಿಯ ಸುತ್ತಮುತ್ತಲೇ ಬಂದು ಸೇರುತ್ತದೆ. ಗುಂಡು ತಿರುಗಲಿಲ್ಲ, ಕುರ್ಚಿಯನ್ನು ಚಿತ್ರಕಾರರು ಸರಿಸಿದ್ದರು.

ಹಾಗೆಂದು ಎಲ್ಲವೂ ತಿಳಿಯಾಯಿತೆಂದು ನಾವು ಹೇಳುವುದಿಲ್ಲ. ಆ ಗುಂಡು ಸಿಕ್ಕಿದ್ದು ಆಸ್ಪತ್ರೆಯ ಸ್ಟ್ರೆಚರ್ ಒಂದರ ಮೇಲೆ. ಅಷ್ಟು ಗಾಯ ಮಾಡಿದ ಮೇಲೂ ಅದರ ರೂಪ ಬಹುಮಟ್ಟಿಗೆ ಕೆಟ್ಟಿರಲಿಲ್ಲ. ಅಂದು ಕರ್ತವ್ಯದಲ್ಲಿದ್ದ ಅಂಗರಕ್ಷಕ ಪಾಲ್ ಲ್ಯಾಂಡಿಸ್ ಅವರು 2023ರಲ್ಲಿ, ಕಾರಿನ ಆಸನದ ಮೇಲಿನಿಂದ ಗುಂಡೊಂದನ್ನು ತೆಗೆದು ಕೆನೆಡಿಯವರ ಸ್ಟ್ರೆಚರಿನ ಮೇಲೆ ಇಟ್ಟವರು ತಾವೇ ಎಂದು ಬರೆದರು. ಅರುವತ್ತು ವರ್ಷ ತಡವಾಗಿ ಬಂದ ಆ ಮಾತನ್ನು ಎಷ್ಟು ನಂಬಬೇಕೆಂಬ ಚರ್ಚೆ ನಡೆದಿದೆ. ಶವಪರೀಕ್ಷೆಯೂ ಅಚ್ಚುಕಟ್ಟಾಗಿರಲಿಲ್ಲ, ಅದನ್ನು ನಡೆಸಿದ ಮುಖ್ಯ ವೈದ್ಯರು ವರದಿಯ ಮೊದಲ ಕರಡನ್ನು ತಮ್ಮ ಮನೆಯಲ್ಲಿ ಸುಟ್ಟುಹಾಕಿದ್ದರು. ಕೆಳಸದನದ ಸಮಿತಿ ನೇಮಿಸಿದ ಒಂಬತ್ತು ಮಂದಿ ತಜ್ಞ ವೈದ್ಯರಲ್ಲಿ ಎಂಟು ಮಂದಿ ಒಂದೇ ಗುಂಡಿನ ವಾದವನ್ನು ಒಪ್ಪಿದರು. ಸಿರಿಲ್ ವೆಕ್ಟ್ ಎಂಬವರು ಕೊನೆಯವರೆಗೂ ಒಪ್ಪಲಿಲ್ಲ. ಈ ಅನುಮಾನಗಳಿಗೆ ಬೆಲೆಯಿದೆ. ಆದರೆ ಇವು ಕುರುಹುಗಳ ಬಗೆಗಿನ ಅನುಮಾನಗಳು. ಕಿಟಕಿಯ ಎತ್ತರವನ್ನೋ ಬೀದಿಯ ಇಳಿಜಾರನ್ನೋ ಇವು ಬದಲಿಸುವುದಿಲ್ಲ.

ಇದೇ ಅಳತೆಗೋಲನ್ನು ಎದುರು ಪಕ್ಷಕ್ಕೂ ಹಿಡಿಯಬೇಕು. ಎಲ್ಮ್ ಬೀದಿಯ ಬಲಬದಿಗೆ, ಮುಂದಕ್ಕೆ, ಹುಲ್ಲು ಬೆಳೆದ ದಿಬ್ಬವಿದೆ. ಅದರ ಮೇಲೆ ಮರದ ಪಟ್ಟಿಗಳ ಬೇಲಿ. ಅಲ್ಲಿ ಎರಡನೆಯ ಹಂತಕನಿದ್ದ ಎಂಬುದು ಪ್ರಸಿದ್ಧ ವಾದ. ಅಲ್ಲಿಂದ ಹೊಡೆಯಲು ಸಾಧ್ಯವಿತ್ತೇ? ಖಂಡಿತವಾಗಿ. ಅದು ಕಿಟಕಿಗಿಂತಲೂ ಹತ್ತಿರ. ಸಾಧ್ಯತೆಯೊಂದೇ ಸಾಕಾದರೆ ದಿಬ್ಬವೂ ಗೆಲ್ಲುತ್ತದೆ, ಕಿಟಕಿಯೂ ಗೆಲ್ಲುತ್ತದೆ. ಆದ್ದರಿಂದ ಎರಡನೆಯ ಮೆಟ್ಟಿಲಿಗೆ, ಕುರುಹುಗಳಿಗೆ, ಬರಲೇಬೇಕು. ಕಿಟಕಿಯ ಬಳಿ ಮೂರು ಖಾಲಿ ತೋಟೆಗಳು ಸಿಕ್ಕವು, ಅದೇ ಅಂತಸ್ತಿನಲ್ಲಿ ಬಂದೂಕು ಸಿಕ್ಕಿತು. ಕೆಳಗಿನ ಅಂತಸ್ತಿನಲ್ಲಿ ಕುಳಿತು ಮೆರವಣಿಗೆ ನೋಡುತ್ತಿದ್ದ ನೌಕರನೊಬ್ಬ ಮೇಲಿನ ನೆಲಕ್ಕೆ ತೋಟೆಗಳು ಬಿದ್ದ ಸದ್ದನ್ನು ಕೇಳಿದ. ದಿಬ್ಬದ ಹಿಂದೆ ಬಂದೂಕೂ ಸಿಗಲಿಲ್ಲ, ತೋಟೆಯೂ ಸಿಗಲಿಲ್ಲ. ಬಲಮುಂಭಾಗದಿಂದ ಬಂದ ಗುಂಡು ತಲೆಯ ಎಡಭಾಗವನ್ನು ಹಾಳುಮಾಡಬೇಕಿತ್ತು. ವೈದ್ಯರು ಅಲ್ಲಿ ಅಂಥದ್ದೇನನ್ನೂ ಕಾಣಲಿಲ್ಲ. ಚಿತ್ರಸುರುಳಿಯಲ್ಲಿ ಕೆನೆಡಿಯವರ ತಲೆ ಹಿಂದಕ್ಕೆ ಬೀಳುವುದು ನಿಜ. ಆದರೆ 312ನೆಯ ಫ್ರೇಮಿನಿಂದ 313ಕ್ಕೆ ಅದು ಮೊದಲು ತುಸು ಮುಂದಕ್ಕೆ ಸರಿಯುತ್ತದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಲೂಯಿ ಆಲ್ವರೆಜ್ ಕರಬೂಜದ ಹಣ್ಣುಗಳಿಗೆ ಗುಂಡು ಹೊಡೆಸಿ, ಅವು ಗುಂಡು ಬಂದ ದಿಕ್ಕಿಗೇ ಹಿಮ್ಮೆಟ್ಟಬಲ್ಲವು ಎಂದು 1976ರಲ್ಲಿ ಪ್ರಕಟಿಸಿದರು.

ದಿಬ್ಬದ ವಾದಕ್ಕೆ ಅಧಿಕೃತ ಬೆಂಬಲ ಸಿಕ್ಕಿದ್ದು ಒಮ್ಮೆ ಮಾತ್ರ. 1979ರ ಸಮಿತಿ ಪೊಲೀಸ್ ವೈರ್‌ಲೆಸ್ಸಿನ ಧ್ವನಿಮುದ್ರಣವೊಂದನ್ನು ಪರಿಶೀಲಿಸಿ, ಹಾರಿದ್ದು ಮೂರಲ್ಲ, ನಾಲ್ಕು ಗುಂಡು. ಒಂದು ದಿಬ್ಬದಿಂದ ಬಂದದ್ದು. ಆದ್ದರಿಂದ ಒಳಸಂಚು ಇದ್ದಿರಬಹುದು ಎಂದಿತು. ಅದೇ ಸಮಿತಿ ದಿಬ್ಬದ ಗುಂಡು ಯಾರಿಗೂ ತಗುಲಲಿಲ್ಲ, ತಗುಲಿದವೆಲ್ಲ ಕಿಟಕಿಯಿಂದ ಬಂದವು ಎಂದೂ ಹೇಳಿತ್ತು. ಇದನ್ನು ನೆನಪಿಟ್ಟುಕೊಂಡವರು ಕಡಿಮೆ. 1982ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಂಡವು ಆ ಸದ್ದುಗಳು ಹತ್ಯೆಯಾದ ಸುಮಾರು ಒಂದು ನಿಮಿಷದ ನಂತರದವು ಎಂದು ತೋರಿಸಿ, ಆ ಪುರಾವೆಯನ್ನು ತಳ್ಳಿಹಾಕಿತು.

ಇಷ್ಟಾದರೂ ಜನ ಏಕೆ ಒಪ್ಪುವುದಿಲ್ಲ? ಸಾಹಿತ್ಯದ ಓದುಗರಾದ ನಮಗೆ ಇದರ ಒಂದು ಕಾರಣ ಅಪರಿಚಿತವಲ್ಲ. ದೊಡ್ಡ ಪರಿಣಾಮಕ್ಕೆ ದೊಡ್ಡ ಕಾರಣವಿರಬೇಕೆಂದು ಮನಸ್ಸು ಹಟ ಹಿಡಿಯುತ್ತದೆ. ಭೀಷ್ಮ ಬೀಳಬೇಕಾದರೆ ಅದಕ್ಕೊಂದು ಪೂರ್ವಜನ್ಮದ ಕಥೆಯಿರಬೇಕು. ಜಗತ್ತಿನ ಅತಿ ಪ್ರಬಲ ಅಧಿಕಾರಸ್ಥನನ್ನು ಪುಸ್ತಕದ ಪೆಟ್ಟಿಗೆ ಹೊರುವ, 24 ವರ್ಷದ, ಯಾವ ಕೆಲಸದಲ್ಲಿಯೂ ನೆಲೆ ನಿಲ್ಲದ ಯುವಕ ಅಂಚೆಯಲ್ಲಿ ತರಿಸಿದ ಬಂದೂಕಿನಿಂದ ಕೊಂದ ಎಂದರೆ ಕಥೆ ಕೂಡುವುದಿಲ್ಲ. ಇನ್ನೊಂದು ಕಾರಣ ಸರಕಾರವೇ ಒದಗಿಸಿಕೊಟ್ಟದ್ದು. ಝಪ್ರುಡರ್ ಚಿತ್ರಸುರುಳಿಯನ್ನು ಜನ ದೂರದರ್ಶನದಲ್ಲಿ ಪೂರ್ತಿಯಾಗಿ ಕಂಡದ್ದು 1975ರಲ್ಲಿ. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ ಅವರನ್ನು ಕೊಲ್ಲಲು ಸಿಐಎ ನಡೆಸಿದ್ದ ಸಂಚುಗಳನ್ನು ವಾರನ್ ಆಯೋಗಕ್ಕೆ ತಿಳಿಸಿರಲೇ ಇಲ್ಲ ಎಂಬುದು ಬಯಲಾದದ್ದೂ ಆ ವರ್ಷಗಳಲ್ಲಿಯೇ. 1992ರಲ್ಲಿ ಕಾನೂನು ಬಂದ ಮೇಲೂ ಕಡತಗಳು ಕಂತುಕಂತಾಗಿ ಹೊರಬಂದವು. 2025ರ ಮಾರ್ಚಿನಲ್ಲಿಯೂ ಒಂದು ದೊಡ್ಡ ಕಂತು ಬಂತು. ಮುಚ್ಚಿಟ್ಟವರ ಮಾತನ್ನು ಜನ ನಂಬಲಿಲ್ಲವೆಂದರೆ ತಪ್ಪು ಜನರದ್ದಲ್ಲ.

ಆದರೆ ಅನುಮಾನವನ್ನು ಎಲ್ಲಿ ಇಡುತ್ತೇವೆ ಎಂಬುದು ಮುಖ್ಯ. ಆಸ್ವಾಲ್ಡ್ 1963ರ ಸೆಪ್ಟೆಂಬರ್ ಕೊನೆಯಲ್ಲಿ ಮೆಕ್ಸಿಕೊ ನಗರಕ್ಕೆ ಹೋಗಿ ಸೋವಿಯತ್ ಮತ್ತು ಕ್ಯೂಬಾ ಕಚೇರಿಗಳ ಬಾಗಿಲು ತಟ್ಟಿದ್ದ. ಆ ಕಚೇರಿಗಳ ಮೇಲೆ ಸಿಐಎ ಕಣ್ಣಿಟ್ಟಿತ್ತು. ಡಲ್ಲಾಸಿನ ಎಫ್‌ಬಿಐ ಕಚೇರಿಯಲ್ಲಿ ಅವನ ಕಡತವಿತ್ತು. ಹತ್ಯೆಗೆ ಕೆಲವು ದಿನ ಮೊದಲು ಅವನು ಆ ಕಚೇರಿಗೆ ಚೀಟಿಯೊಂದನ್ನು ಕೊಟ್ಟುಹೋಗಿದ್ದ. ನವೆಂಬರ್ 24ರಂದು ಪೊಲೀಸರ ಕಣ್ಣೆದುರೇ ಅವನ ಕೊಲೆಯಾದ ಮೇಲೆ ಆ ಚೀಟಿಯನ್ನು ಹರಿದು ನಾಶಮಾಡಿದರು. ಅಪಾಯದ ಸುಳಿವು ಯಾರಿಗೆ ಎಷ್ಟಿತ್ತು, ಏಕೆ ಸುಮ್ಮನಿದ್ದರು, ಆಮೇಲೆ ಏನನ್ನು ಏಕೆ ಮರೆಮಾಡಿದರು? ಇವು ಉತ್ತರಿಸಲೇಬೇಕಾದ ಪ್ರಶ್ನೆಗಳು. ಕಿಟಕಿಯಿಂದ ಹೊಡೆದವನು ಒಬ್ಬನೇ ಎಂದು ಒಪ್ಪಿಕೊಂಡರೂ ಇವುಗಳ ತೂಕ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ. ಬದಲಿಗೆ ಬೇಲಿಯ ಹಿಂದೆ ಇಲ್ಲದ ಮನುಷ್ಯನನ್ನು ಹುಡುಕುತ್ತ ಕುಳಿತರೆ ಮೇಜಿನ ಹಿಂದೆ ಇದ್ದ ಮನುಷ್ಯರು ಪಾರಾಗುತ್ತಾರೆ.

ಇದು ದೂರದೇಶದ ಮಾತು ಮಾತ್ರವಲ್ಲ. ನಮ್ಮಲ್ಲಿಯೂ ಒಂದು ‘ನಾಲ್ಕನೆಯ ಗುಂಡು’ ಇದೆ. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದ ಪ್ರಾರ್ಥನಾ ಸಭೆಯಲ್ಲಿ ಗಾಂಧೀಜಿಯವರನ್ನು ಕೊಂದವನು ಎದುರಿಗೇ ನಿಂತು ಮೂರು ಗುಂಡು ಹೊಡೆದ, ಅಲ್ಲಿಯೇ ಸಿಕ್ಕಿಬಿದ್ದ. ಕಿಟಕಿಯಿಲ್ಲ, ಮರವಿಲ್ಲ, ದೂರವಿಲ್ಲ. ಆದರೂ ಅಂದು ಹಾರಿದ್ದು ನಾಲ್ಕು ಗುಂಡು, ಎರಡನೆಯ ಹಂತಕನೊಬ್ಬನಿದ್ದ ಎಂದು ವಾದಿಸಿದ ಅರ್ಜಿಯೊಂದು ಏಳು ದಶಕಗಳ ನಂತರ ಸುಪ್ರೀಂ ಕೋರ್ಟಿನ ಮುಂದೆ ಬಂತು. ನ್ಯಾಯಾಲಯವು ಹಿರಿಯ ವಕೀಲರೊಬ್ಬರಿಂದ ಕಾಗದಪತ್ರಗಳನ್ನು ಪರಿಶೀಲಿಸಿಸಿ, 2018ರ ಮಾರ್ಚಿನಲ್ಲಿ ಅದನ್ನು ವಜಾ ಮಾಡಿತು.

ನಾಲ್ಕನೆಯ ಗುಂಡಿನ ಬಗ್ಗೆ ಕುತೂಹಲ ತಳೆದವರಲ್ಲಿ ಎಷ್ಟು ಮಂದಿ ನ್ಯಾಯಮೂರ್ತಿ ಜೀವನಲಾಲ್ ಕಪೂರ್ ಆಯೋಗದ 1969ರ ವರದಿಯನ್ನು ತೆರೆದಿದ್ದಾರೆ? ಆ ಆಯೋಗದ ಮುಂದಿದ್ದ ಮುಖ್ಯ ಪ್ರಶ್ನೆ, ಮೊದಲೇ ಯಾರಿಗೆ ಏನು ತಿಳಿದಿತ್ತು, ತಿಳಿದವರು ಏನು ಮಾಡಿದರು ಎಂಬುದು. ಹತ್ಯೆಗೆ ಹತ್ತು ದಿನ ಮೊದಲು, ಜನವರಿ 20ರಂದು, ಅದೇ ಬಿರ್ಲಾ ಭವನದಲ್ಲಿ ಸ್ಫೋಟವಾಗಿತ್ತು. ಅದನ್ನು ಸಿಡಿಸಿದ ಮದನಲಾಲ್ ಪಾಹ್ವಾ ಸಿಕ್ಕಿಬಿದ್ದಿದ್ದ. ಮುಂಬಯಿಯ ರುಯಿಯಾ ಕಾಲೇಜಿನ ಪ್ರಾಧ್ಯಾಪಕ ಜಗದೀಶಚಂದ್ರ ಜೈನ್ ಅವರು ಪಾಹ್ವಾನಿಂದ ತಾವು ಕೇಳಿದ್ದ ಸಂಚಿನ ಮಾತನ್ನು ಮರುದಿನವೇ ಪ್ರಾಂತದ ಗೃಹಮಂತ್ರಿ ಮೊರಾರ್ಜಿ ದೇಸಾಯಿಯವರಿಗೆ ತಿಳಿಸಿದ್ದರು. ಹಂತಕ ಪುಣೆಯವನು, ಅವನನ್ನು ಬಲ್ಲ ಪೊಲೀಸರು ಪುಣೆಯಲ್ಲಿದ್ದರು. ದೆಹಲಿ, ಮುಂಬಯಿ, ಪುಣೆಗಳ ಪೊಲೀಸರ ಕೈಗೆ ದಾರದ ಬೇರೆಬೇರೆ ತುದಿಗಳು ಸಿಕ್ಕಿದ್ದರೂ ಹತ್ತು ದಿನಗಳಲ್ಲಿ ಅವು ಒಂದು ಗಂಟಾಗಿ ಸೇರಲಿಲ್ಲ. ಕನ್ನಡನಾಡಿನಿಂದ ಹೊರಗೆ ಬದುಕು ಕಟ್ಟಿಕೊಂಡ ನಮ್ಮಲ್ಲಿ ಅನೇಕರು ದಿನವೂ ಓಡಾಡುವುದು ಈ ಊರುಗಳಲ್ಲಿಯೇ. ಮಾಟುಂಗಾದಲ್ಲಿ ಆ ಕಾಲೇಜಿನ ಮುಂದೆ ಹಾದುಹೋಗುವವರು ಎಷ್ಟೋ ಮಂದಿ. ಅಲ್ಲಿಯ ಅಧ್ಯಾಪಕರೊಬ್ಬರ ಎಚ್ಚರಿಕೆಯ ಮಾತು ಫಲಿಸಿದ್ದರೆ ದೇಶದ ಕಥೆ ಬೇರೆಯಾಗಬಹುದಿತ್ತು ಎಂಬುದು ನೆನಪಾಗುವುದು ಎಷ್ಟು ಮಂದಿಗೆ?

ಡಲ್ಲಾಸಿನ ಆ ಅಂತಸ್ತು 1989ರಿಂದ ವಸ್ತುಸಂಗ್ರಹಾಲಯವಾಗಿದೆ. ಹಂತಕ ಕುಳಿತಿದ್ದ ಮೂಲೆಗೆ ಗಾಜಿನ ಅಡ್ಡಗೋಡೆ ಹಾಕಿ, ಪುಸ್ತಕದ ಪೆಟ್ಟಿಗೆಗಳನ್ನು ಅಂದಿನಂತೆ ಜೋಡಿಸಿಟ್ಟಿದ್ದಾರೆ, ಒಳಗೆ ಕಾಲಿಡುವಂತಿಲ್ಲ. ನೋಡಲು ಬಂದವರು ಪಕ್ಕದ ಕಿಟಕಿಯಲ್ಲಿ ನಿಂತು ಕೆಳಗಿನ ಬೀದಿಯನ್ನು ನೋಡುತ್ತಾರೆ. ಬೀದಿ ಇಷ್ಟು ಹತ್ತಿರವಿದೆಯೆಂದು ತಾವು ಎಣಿಸಿರಲಿಲ್ಲ ಎಂದು ಅಲ್ಲಿ ನಿಂತವರು ಹಲವರು ಹೇಳಿದ್ದಾರೆ. ಆ ಕಿಟಕಿ ಹೇಳಬೇಕಾದುದನ್ನು ಹೇಳಿ ಮುಗಿಸಿದೆ. ಇನ್ನು ಮಾತನಾಡಬೇಕಾದವು ಕಡತಗಳು. ನಾವು ಕತ್ತೆತ್ತಿ ನೋಡುವುದನ್ನು ಬಿಟ್ಟು, ತಲೆ ತಗ್ಗಿಸಿ ಅವನ್ನು ಓದಲು ಕೂರಬೇಕು.